ತವರಿಗೆ ಎರಡು ಡಿಗ್ರಿ

ಮಿಸ್ತ್ರಿಯವರ ಬಲ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಉಕ್ಕಿನ ಪ್ಲೇಟುಗಳನ್ನು ಸವರಿ ಸವರಿ ಅದು ಹಳೆಯ ಮನೆಯ ಹೊಸ್ತಿಲಿನ ಹಾಗೆ ನುಣುಪಾಗಿತ್ತು. ಸವದತ್ತಿಯ ಗುಡ್ಡದ ಕೆಳಗೆ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಆ ಕೈಯನ್ನು ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, "ಇದರಾಗ ಏನೂ ಬರದಿಲ್ಲಲ್ರಿ" ಎಂದಿದ್ದನಂತೆ. "ನನ್ನ ಕೈ ನನಗ ವಾಪಸ್ ಕೊಟ್ಟಬಿಟ್ನರಿ ಅಂವಾ" ಎಂದು ಮಿಸ್ತ್ರಿಯವರು ನಗುತ್ತಿದ್ದರು. ಆ ಕೈಯನ್ನು ಹಾಳು ಮಾಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಬೈಲಹೊಂಗಲದಿಂದ ಮುರಗೋಡದ ಕಡೆ ಹೋಗುವ ರಸ್ತೆಯಲ್ಲಿ, ಟೈರ್ ಅಂಗಡಿಯ ಪಕ್ಕ, ಅವರ ಪತ್ರಾಸ್ ತಗಡಿನ ಶೆಡ್ಡು ಇತ್ತು. ನಡುವೆ ಅವರೇ ಕಟ್ಟಿದ ಪ್ರೆಸ್ಸು. ಗುಜರಿಯಿಂದ ತಂದ ಗರ್ಡರುಗಳ ಚೌಕಟ್ಟು, ಅದರ ನೆತ್ತಿಯಲ್ಲಿ ನೂರು ಟನ್ನಿನ ಹೈಡ್ರಾಲಿಕ್ ಜ್ಯಾಕು, ಬದಿಯಲ್ಲಿ ಎಣ್ಣೆ ಒತ್ತುವ ಕೈಪಂಪು. ಕೆಳಗಿನ ಅಚ್ಚಿನ ಮೇಲೆ ಪ್ಲೇಟು ಇಟ್ಟು ಪಂಪು ಒತ್ತುತ್ತ ಹೋದರೆ, ಮೇಲಿನ ಅಚ್ಚು ಇಳಿದು ಬಂದು ಇಪ್ಪತ್ತು ಮಿಲಿಮೀಟರ್ ದಪ್ಪದ ಉಕ್ಕನ್ನು ಮಡಚುತ್ತಿತ್ತು. ಗದ್ದಲವಿಲ್ಲ, ಕಿಡಿಯಿಲ್ಲ. ಮೊದಲ ಸಲ ನೋಡಿದಾಗ ನನಗೆ ಆ ಮೌನಕ್ಕೇ ಹೆದರಿಕೆಯಾಗಿತ್ತು.

ನಾನು ಅಲ್ಲಿಗೆ ಹೋದದ್ದು ಬೇರೆ ದಾರಿಯಿಲ್ಲದೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿದ ವರ್ಷವೇ ರಾಮದುರ್ಗದ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಐದು ವರ್ಷ ಗಂಡನ ಹೊಡೆತ ತಿಂದೆ. ಒಂದು ಏಟಿಗೆ ಎಡಗಿವಿ ಕೇಳದಂತಾಯಿತು. ಮೂರು ವರ್ಷದ ಮಗಳನ್ನು ಎತ್ತಿಕೊಂಡು ಬೈಲಹೊಂಗಲದ ತವರಿಗೆ ಬಂದಾಗ ಅಣ್ಣ ಬಾಗಿಲು ಹಾಕಲಿಲ್ಲ, ಆದರೆ ಪೂರ್ತಿ ತೆಗೆಯಲೂ ಇಲ್ಲ. ನಮ್ಮದು ಹೊಲಮನೆ ಇರುವ ಮನೆತನ. ಮಿಸ್ತ್ರಿಯವರದು ಬುದ್ಧನನ್ನು ನಂಬಿದ ಮನೆ. ಅವರ ತಂದೆ ಚಪ್ಪಲಿ ಹೊಲಿಯುತ್ತಿದ್ದವರು. ತಂಗಿ ಕಬ್ಬಿಣದ ಕೆಲಸಕ್ಕೆ ಹೋಗುವುದು ಅಣ್ಣನಿಗೆ ಹೆಚ್ಚು ಚುಚ್ಚಿತೋ, ಅವರ ಶೆಡ್ಡಿಗೆ ಹೋಗುವುದೋ, ನಾನು ಕೇಳಲಿಲ್ಲ. ಅವನು ಹೇಳಿದ್ದು ಇಷ್ಟೇ: "ಹೋಗು. ಆದ್ರ ಅಲ್ಲೆ ನಿನ್ನ ಕೈಯಿಂದ ಏನರ ಒಂದ ಹೆಚ್ಚುಕಮ್ಮಿ ಆತು, ಅವತ್ತ ನಿನ್ನೂ ನಿನ್ನ ಮಗಳನ್ನೂ ರಾಮದುರ್ಗಕ್ಕ ಬಿಟ್ಟ ಬರತೇನಿ. ಹಿರೇರ ಮುಂದ ಮಾತ ಕೊಟ್ಟೇನಿ."

ಹಾಗಾಗಿ ನನಗೆ ಆ ಶೆಡ್ಡಿನಲ್ಲಿ ತಪ್ಪು ಮಾಡುವ ಹಕ್ಕೇ ಇರಲಿಲ್ಲ. ಬೆಳಿಗ್ಗೆ ಮಗಳ ಜಡೆ ಹಾಕುತ್ತಲೇ ಅವತ್ತಿನ ಅಳತೆಗಳನ್ನು ಮನಸ್ಸಿನಲ್ಲಿ ಎರಡೆರಡು ಸಲ ಒಪ್ಪಿಸಿಕೊಳ್ಳುತ್ತಿದ್ದೆ.

ಮಿಸ್ತ್ರಿಯವರು ನನ್ನ ಸೋದರಮಾವನಷ್ಟು ದೊಡ್ಡವರು. ಆದರೂ "ಅಕ್ಕಾರ, ಬರ್ರಿ" "ಅಕ್ಕಾರ, ಕುಂದರ್ರಿ" ಎಂದೇ ಕರೆಯುತ್ತಿದ್ದರು. ಬೇಡ ಎಂದು ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ಎರಡನೆಯ ದಿನದಿಂದ ಅವರು ಏನೇ ಹೇಳಬೇಕಾದರೂ ಸುತ್ತು ಹಾಕಿ ನನ್ನ ಬಲಗಡೆಗೆ ಬಂದು ನಿಂತು ಹೇಳತೊಡಗಿದರು. ನನ್ನ ಕಿವಿಯ ವಿಷಯ ನಾನು ಹೇಳಿರಲಿಲ್ಲ. ಅವರೂ ಕೇಳಲಿಲ್ಲ. ನನ್ನ ಅಣ್ಣನಿಗೆ ಅದು ಗೊತ್ತಾಗಲು ಎಂಟು ತಿಂಗಳು ಬೇಕಾಯಿತು.

ಬಾಗಿದ ಪ್ಲೇಟು ಜ್ಯಾಕಿನ ಒತ್ತಡ ಬಿಟ್ಟ ಕೂಡಲೇ ಒಂದಿಷ್ಟು ತೆರೆದುಕೊಳ್ಳುತ್ತದೆ. ಕಾಲೇಜಿನಲ್ಲಿ ಇದಕ್ಕೆ ಸ್ಪ್ರಿಂಗ್‌ಬ್ಯಾಕ್ ಎಂದು ಕಲಿಸಿದ್ದರು. ಮಿಸ್ತ್ರಿಯವರು ಅದನ್ನು ತವರು ಎನ್ನುತ್ತಿದ್ದರು. "ತೊಂಬತ್ತು ಡಿಗ್ರಿ ಬೇಕಾದ್ರ ಎಂಬತ್ತೆಂಟಕ್ಕ ಒತ್ತಬೇಕ್ರಿ ಅಕ್ಕಾರ. ಎರಡ ತವರಿಗೆ ಬಿಡಬೇಕು. ಒತ್ತೂದು ಬಿಟ್ಟ ಕೂಡ್ಲೆ ಅದಕ್ಕ ತವರ ನೆನಪಾಕ್ಕೈತಿ, ಅಷ್ಟ ಹೊಳ್ಳಿ ಹೋಗತೈತಿ." ನಾನು ಗ್ರೈಂಡರು ಚಾಲೂ ಮಾಡಿ ಅದರ ಸದ್ದಿನಲ್ಲಿ ಅತ್ತೆ. ಮರುದಿನದಿಂದ ಆ ಪದ ಅವರ ಬಾಯಿಂದ ಮಾಯವಾಯಿತು. ಮೂವತ್ತು ವರ್ಷ ಆಡಿದ ಮಾತನ್ನು ನುಂಗಿಕೊಂಡು "ಆ ಎರಡು" "ಆ ಎರಡು" ಎಂದು ತಡವರಿಸುತ್ತಿದ್ದರು. ಎಷ್ಟೋ ತಿಂಗಳ ಮೇಲೆ ನಾನೇ ಪಂಪು ನಿಲ್ಲಿಸಿ, "ಮಿಸ್ತ್ರಿಯವರ, ತವರಿಗೆ ಎರಡು ಬಿಟ್ಟೇನಿ ನೋಡ್ರಿ" ಎಂದೆ. ಅವರು ಮುಖ ಆ ಕಡೆ ತಿರುಗಿಸಿ ಅಳತೆಪಟ್ಟಿ ಹುಡುಕತೊಡಗಿದರು. ಪಟ್ಟಿ ಅವರ ಕೈಯಲ್ಲೇ ಇತ್ತು.

ಉಕ್ಕಿಗೂ ನೂಲು ಇದೆ ಎಂದು ಕಲಿಸಿದವರೂ ಅವರೇ. ಕಾರ್ಖಾನೆಯಲ್ಲಿ ಪ್ಲೇಟನ್ನು ಯಾವ ದಿಕ್ಕಿಗೆ ಉರುಳಿಸಿ ತೆಳುವಾಗಿಸಿದ್ದಾರೋ ಆ ದಿಕ್ಕಿಗೆ ಅದರ ನೂಲು ಓಡುತ್ತದೆ. ಮಡಿಕೆ ನೂಲಿಗೆ ಅಡ್ಡ ಬಿದ್ದರೆ ಪ್ಲೇಟು ತಾಳುತ್ತದೆ. ನೂಲಿನ ಗುಂಟ ಬಿದ್ದರೆ ಸೀಳುವ ಅಪಾಯ. "ನಮ್ಮಪ್ಪ ಚರ್ಮ ಹಿಂಗ ಎಳದ ನೋಡಿ ಅಂಗಾಲ ಕತ್ತರಿಸ್ತಿದ್ದ. ಇದೂ ಹಂಗ. ದನದ ಚರ್ಮಾದ್ರೇನು, ಕಬ್ಬಿಣಾದ್ರೇನು" ಎನ್ನುತ್ತಿದ್ದರು. ದೊಡ್ಡ ಪ್ಲೇಟನ್ನು ತುಂಡು ಮಾಡಿದ ಮೇಲೆ ನೂಲು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಕತ್ತರಿಸುವ ಮುಂಚೆಯೇ ಪ್ರತಿ ತುಂಡಿನ ಅಂಚಿನಲ್ಲಿ ಪಂಚಿನಿಂದ ಚುಕ್ಕೆ ಹೊಡೆದು ನೂಲಿನ ದಿಕ್ಕಿಗೆ ಬಾಣದ ಗುರುತು ಹಾಕುತ್ತಿದ್ದೆವು. ಅವರ ಬಾಣದ ಬಾಲದ ಹಿಂದೆ ಒಂದು ಚುಕ್ಕೆ ಬೇರೆಯಾಗಿ ಇರುತ್ತಿತ್ತು. ದೃಷ್ಟಿಬೊಟ್ಟು. "ಬುದ್ಧನ ಫೋಟೊ ಇಟಗೊಂಡು ದೃಷ್ಟಿ ನಂಬತೀರೇನು?" ಎಂದು ನಾನು ಕಾಡಿಸಿದರೆ, "ನಾ ನಂಬೂದಿಲ್ರಿ, ಪ್ಲೇಟ ನಂಬತೈತಿ" ಎನ್ನುತ್ತಿದ್ದರು. ನನ್ನ ಬಾಣಕ್ಕೆ ಆ ಚುಕ್ಕೆ ಇರಲಿಲ್ಲ. ಡಿಪ್ಲೊಮಾ ಓದಿದವಳಲ್ಲವೇ, ನನಗೆ ಅದು ಬೇಡವಾಗಿತ್ತು.

ನವಿಲುತೀರ್ಥದ ಕಡೆಯ ಕಾಲುವೆ ಗೇಟುಗಳಿಗೆ ಬ್ರಾಕೆಟ್ ಮಾಡುವ ಕೆಲಸ ಬಂದ ವರ್ಷ ಅದು. ಶೆಡ್ಡಿಗೆ ಅಷ್ಟು ದೊಡ್ಡ ಕೆಲಸ ಬಂದಿರಲಿಲ್ಲ. ಒಂದು ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಪಡಸಾಲೆಯಲ್ಲಿ ಗಂಡನ ಕಡೆಯ ಇಬ್ಬರು ಹಿರಿಯರು ಕುಳಿತಿದ್ದರು. ಅಣ್ಣ ನನ್ನ ಮುಖ ನೋಡದೆ, "ಸಂಜಿಕ ಲಗೂನ ಬಾ, ಮಾತಾಡೂದೈತಿ" ಎಂದ. ಮಗಳು ಕಂಬ ಹಿಡಿದು ನಿಂತಿದ್ದಳು. ಅವಳನ್ನು ಶಾಲೆಗೆ ಬಿಟ್ಟು ಶೆಡ್ಡಿಗೆ ಬರುವವರೆಗೆ ದಾರಿ ಕಂಡದ್ದು ನನಗೆ ನೆನಪಿಲ್ಲ.

ಕೊನೆಯ ಪ್ಲೇಟು ಉಳಿದಿತ್ತು. ಅದರಲ್ಲಿ ಕೊನೆಯ ತುಂಡು ಉದ್ದಕ್ಕೆ ಹಿಡಿಸಲಿಲ್ಲ. ಅಡ್ಡ ತಿರುಗಿಸಿ ಗೆರೆ ಹಾಕಿ ಬಾಣ ಹೊಡೆದೆ. ತುಂಡು ತಿರುಗಿತ್ತು, ನನ್ನ ಬಾಣ ತಿರುಗಲಿಲ್ಲ. ನೂಲು ಈ ತುಂಡಿಗೆ ಅಡ್ಡ ಓಡುತ್ತಿತ್ತು, ನಾನು ಉಳಿದ ತುಂಡುಗಳಿಗೆ ಹೊಡೆದಂತೆಯೇ ಇದಕ್ಕೂ ಉದ್ದಕ್ಕೇ ಹೊಡೆದಿದ್ದೆ. ಆ ಹೊತ್ತು ನನ್ನ ತಲೆಯಲ್ಲಿ ಉಕ್ಕು ಇರಲಿಲ್ಲ, ಸಂಜೆ ಇತ್ತು.

ಮಡಚುವ ಮುಂಚೆ ಮಿಸ್ತ್ರಿಯವರು ಎಂದಿನಂತೆ ಅಂಗೈ ಆಡಿಸಿದರು. ಅಂಗೈ ನಡುವೆ ನಿಂತಿತು. ಮತ್ತೊಮ್ಮೆ ಸವರಿದರು. ಹುಬ್ಬು ಗಂಟಿಕ್ಕಿ ನನ್ನ ಬಾಣ ನೋಡಿದರು. ಆಮೇಲೆ ತಲೆಯಾಡಿಸಿ ಪ್ಲೇಟನ್ನು ಅಚ್ಚಿನ ಮೇಲೆ ಇಟ್ಟರು. ತಮ್ಮ ಕೈ ಹೇಳಿದ್ದನ್ನು ಬಿಟ್ಟು ನನ್ನ ಬಾಣವನ್ನು ನಂಬಿದರು. ಇಂದಿಗೂ ನನಗೆ ಸಹಿಸಲಾಗದ್ದು ಇದೊಂದೇ.

ಒತ್ತಡದಲ್ಲಿರುವ ಪ್ಲೇಟಿನ ಎದುರು ನನ್ನನ್ನು ಅವರು ಎಂದೂ ನಿಲ್ಲಗೊಡುತ್ತಿರಲಿಲ್ಲ. ನಾನು ಪಂಪು ಒತ್ತುವುದು, ಅವರು ಕೈಯೆತ್ತಿದರೆ ನಿಲ್ಲಿಸುವುದು, ಅವರೊಬ್ಬರೇ ಮುಂದೆ ಹೋಗಿ ಮಡಿಕೆಯ ಮೇಲೆ ಅಂಗೈ ಇಟ್ಟು ಉಕ್ಕಿನ ಬಿಸಿ ನೋಡುವುದು, ಅದು ರೂಢಿ. ಅವತ್ತೂ ಕೈಯೆತ್ತಿದರು, ನಿಲ್ಲಿಸಿದೆ. ಅವರು ಅಂಗೈ ಇಟ್ಟರು. ಟಿಕ್ ಎಂದು ಒಂದು ಸಣ್ಣ ಸದ್ದು, ಅದರ ಹಿಂದೆಯೇ ಸಿಡಿಲು ಬಿದ್ದಂಥದ್ದು. ಪ್ಲೇಟು ಮಡಿಕೆಯ ಗುಂಟ ಸೀಳಿ, ಮೇಲಿನ ಅಚ್ಚು ಜಾರಿ ಹಾರಿ ಅವರ ಬಲಗೈಯನ್ನು ಚೌಕಟ್ಟಿಗೆ ಜಜ್ಜಿತು. ಅಂಚಿನ ಒಂದು ಚೂರು ಮುರಿದು ನೆಲಕ್ಕೆ ಬಿತ್ತು.

ಟೈರ್ ಅಂಗಡಿಯವರು ಓಡಿ ಬರುವ ಮುಂಚೆ ಅವರು ಕುಸಿದು ಕುಳಿತು ಎಡಗೈಯಿಂದ ನೆಲ ತಡಕಾಡುತ್ತಿದ್ದರು. ನೋವಿಗೆ ಹಾಗೆ ಮಾಡುತ್ತಿದ್ದಾರೆ ಎಂದುಕೊಂಡೆ. "ನಂದ ತಪ್ಪು, ಬಾಣ ನಾನ..." ಎಂದು ನಾನು ಬಾಯಿ ತೆಗೆದೆ.

"ತಂಗಿ, ಬಾಯಿ ಮುಚಗೊ. ಒಂದ ಮಾತ ಆಡಬ್ಯಾಡ."

ಅಕ್ಕಾರ ಹೋಗಿ ತಂಗಿ ಬಂದದ್ದು ಆ ರಕ್ತದ ನಡುವೆ. ಬೆಳಗಾವಿಯ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವರ ಎಡಗೈ ಮುಷ್ಟಿ ಬಿಗಿದೇ ಇತ್ತು.

ಮಧ್ಯಾಹ್ನ ಅಣ್ಣ ಬಂದ. ಬೆನ್ನಿಗೆ ಆ ಇಬ್ಬರು ಹಿರಿಯರೂ ಬಂದರು. ಆಸ್ಪತ್ರೆಗೆ ಅವರು ಬಂದದ್ದು ಮಿಸ್ತ್ರಿಯವರನ್ನು ನೋಡಲು ಅಲ್ಲವೆಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಅಣ್ಣ ಮಂಚದ ಕಾಲ ಬಳಿ ನಿಂತು, "ಏನಾತಪಾ ಮಿಸ್ತ್ರಿ? ಯಾರ ಕೈ ತಪ್ಪಿದ್ದು? ಖರೇ ಹೇಳು" ಎಂದ. ಮಗಳನ್ನು ಶಾಲೆಯಿಂದ ಕರೆದುಕೊಂಡು ಎಲ್ಲಿಗೆ ಓಡಲಿ ಎಂದು ಆ ಗಳಿಗೆಯಲ್ಲೇ ಯೋಚಿಸಿದೆ. ಯಾವ ಊರೂ ಹೊಳೆಯಲಿಲ್ಲ.

"ನಂದರಿ" ಎಂದರು ಮಿಸ್ತ್ರಿಯವರು. "ಬಾಣ ನಾನ ಹೊಡದಿದ್ನಿ. ಕಣ್ಣ ಮಂಜಾಗ್ಯಾವ. ಅಕ್ಕಾರ ಬ್ಯಾಡ ಅಂದ್ರು, ನಾನ ಕೇಳಲಿಲ್ಲ."

ಅಣ್ಣ ಕೊಟ್ಟ ಮಾತಿನ ಮೇಲೆ ನನ್ನನ್ನು ಕರೆದೊಯ್ಯಲು ಹಿರಿಯರಿಗೆ ಕಾರಣ ಉಳಿಯಲಿಲ್ಲ. ಸಂಜೆಯ ಬಸ್ಸಿಗೆ ರಾಮದುರ್ಗಕ್ಕೆ ಹೋದರು. ಮತ್ತೆ ಬರಲಿಲ್ಲ.

ಎರಡು ಬೆರಳು ತೆಗೆದರು. ಉಳಿದ ಕೈಗೆ ಸ್ಪರ್ಶವೇ ಹೋಯಿತು. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಕಣ್ಣು ಕಾಣದ ಮಿಸ್ತ್ರಿ ನೂಲು ತಪ್ಪಿ ಪ್ಲೇಟು ಸೀಳಿದ ಎಂದು ಬೈಲಹೊಂಗಲದಿಂದ ಸವದತ್ತಿವರೆಗೆ ಸುದ್ದಿ ಹಬ್ಬಿತು. ಗೇಟಿನ ಕೆಲಸ ಹುಬ್ಬಳ್ಳಿಗೆ ಹೋಯಿತು. ಮುನವಳ್ಳಿಯ ಹಳೆಯ ಗಿರಾಕಿಗಳು ಕೂಡ ಶೆಡ್ಡಿನ ಮುಂದೆ ಹಾದು ಬೇರೆ ಕಡೆ ಹೋಗತೊಡಗಿದರು. ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಸೂಜಿಗೆ ದಾರ ಪೋಣಿಸಿ ಹೆಂಡತಿಗೆ ಕೊಡುತ್ತಿದ್ದವರು ಅವರೇ. ಆಸ್ಪತ್ರೆಯಲ್ಲಿ ಹೇಳಿದ ಮಾತು ಸುಳ್ಳಾಗಬಾರದೆಂದು ಪೇಟೆಗೆ ಹೋದಾಗ ಬಸ್ಸಿನ ಬೋರ್ಡನ್ನು ಯಾರನ್ನಾದರೂ ಕೇಳಿ ಓದಿಸುತ್ತಿದ್ದರು. ಅದನ್ನು ಒಮ್ಮೆ ನಾನು ಕಣ್ಣಾರೆ ಕಂಡೆ. ಅವತ್ತು ಮನೆಗೆ ಬಂದು ಉಣ್ಣಲಾಗಲಿಲ್ಲ.

ತಾಳಲಾರದೆ, ಅಣ್ಣನಿಗೆ ಎಲ್ಲ ಹೇಳಿಬಿಡುತ್ತೇನೆ ಎಂದೆ. ಅವರು ನನ್ನ ಬಲಗಡೆಗೆ ಬಂದು ಕುಳಿತರು. "ನನ್ನ ಕೈಯಂತೂ ಹೋತು. ನೀ ಹೇಳಿದ್ರ ಅದೇನ ಹೊಳ್ಳಿ ಬರೂದಿಲ್ಲ. ನೀ ಮಾತ್ರ ಹೊಳ್ಳಿ ಹೋಗಬೇಕಾಕ್ಕೈತಿ." ಆಮೇಲೆ ಒಂದು ತುಂಡು ಪ್ಲೇಟು ಎಳೆದು, "ಎಡಗೈ ಸಾಲಿ ಕಲತಿಲ್ಲ, ಅದರಿಂದ ಏನೂ ಆಗೂದಿಲ್ಲ. ನಿನ್ನ ಕೈ ಕೊಡು" ಎಂದರು. ನನ್ನ ಅಂಗೈಯನ್ನು ಉಕ್ಕಿನ ಮೇಲೆ ಇಟ್ಟು, ಅದರ ಮೇಲೆ ತಮ್ಮ ಸತ್ತ ಕೈ ಇಟ್ಟು, ಮೆಲ್ಲಗೆ ಒಯ್ದರು. ಹಾಗೆ ಎರಡು ವರ್ಷ. ನೂಲಿನ ಗುಂಟ ಹೋದರೆ ಒಂದು ನುಣುಪು, ಅಡ್ಡ ಹೋದರೆ ಇಷ್ಟೇ ಇಷ್ಟು ತಡೆ. ಅದು ನನ್ನ ಕೈಗೆ ಮೊದಲ ಸಲ ತಿಳಿದ ದಿನ ನಾನು ಖುಷಿಪಡಲಿಲ್ಲ. ಆ ಬೆಳಿಗ್ಗೆ ಅವರ ಅಂಗೈ ನಡುವೆ ಯಾಕೆ ನಿಂತಿತ್ತು ಎಂದು ಅವತ್ತು ಪೂರ್ತಿ ಅರ್ಥವಾಯಿತು.

ಹೋದ ವರ್ಷ ಒಂದು ಮುಂಜಾನೆ ಚಹಾ ಕುಡಿಯುತ್ತ ಎದೆ ಹಿಡಿದುಕೊಂಡರು. ಬೆಳಗಾವಿ ಮುಟ್ಟಲಿಲ್ಲ. ಮಣ್ಣಿಗೆ ಬಂದವರಲ್ಲಿ ಅಣ್ಣನೂ ಇದ್ದ, ದೂರ ನಿಂತಿದ್ದ. "ಪಾಪ, ಕಡೀಕ ಕಣ್ಣ ಕೈಕೊಟ್ಟವು" ಎಂದು ಯಾರಿಗೋ ಹೇಳುತ್ತಿದ್ದ.

ಮೂರನೆಯ ದಿನ ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಒಂದು ಅರಿವೆಯ ಗಂಟು ಕೊಟ್ಟರು. ಬಿಚ್ಚಿದರೆ ಉಕ್ಕಿನ ಚೂರು, ಹೆಬ್ಬೆರಳಿನಷ್ಟು. ಅದರ ಮೇಲೆ ಬಾಣ. ಬಾಲದ ಹಿಂದೆ ದೃಷ್ಟಿಬೊಟ್ಟು ಇಲ್ಲ. ಶೆಡ್ಡಿಗೆ ಬಂದು ಹೋಗುವ ಯಾರು ನೋಡಿದ್ದರೂ ಅದು ಯಾರ ಬಾಣವೆಂದು ಹೇಳುತ್ತಿದ್ದರು. ಕೈ ಜಜ್ಜಿಹೋದಾಗ ಅವರು ನೆಲದಲ್ಲಿ ತಡಕಾಡಿದ್ದು ಇದಕ್ಕೆ. ಬೆಳಗಾವಿಯವರೆಗೆ ಮುಷ್ಟಿಯಲ್ಲಿ ಇದ್ದದ್ದು ಇದು.

"ಅಕ್ಕಾ, ಇನ್ನ ಎಲ್ಲಾರ ಮುಂದ ಹೇಳತೇನಿ" ಎಂದೆ. "ಅವರ ಹೆಸರು ಹಿಂಗ ಉಳೀಬಾರದು."

ಆ ತಾಯಿ ಕಣ್ಣೊರೆಸಿಕೊಂಡು, "ಮಗಳ ಸಾಲಿ ಮುಗೀತನು?" ಎಂದು ಕೇಳಿದರು.

"ಇಲ್ಲ. ಐದನೇತ್ತ."

"ಹಂಗಾದ್ರ ಸುಮ್ನಿರು. ಈಗ ಹೇಳಿದ್ರ ಅವರ ಕೈ ಹೋಗಿದ್ದು ದಂಡ ಆಕ್ಕೈತಿ."

ಅದಕ್ಕೇ ಇಲ್ಲಿ ಅವರ ಹೆಸರಿಲ್ಲ, ನನ್ನದೂ ಇಲ್ಲ, ಊರುಗಳ ಹೆಸರನ್ನೂ ಬದಲಿಸಿದ್ದೇನೆ. ಶೆಡ್ಡು ಈಗ ನಾನು ನಡೆಸುತ್ತೇನೆ. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬರುತ್ತಿದ್ದಾರೆ. ಪ್ರೆಸ್ಸಿನ ಮುಂದೆ ನಿಂತು, "ಮಿಸ್ತ್ರಿಕಿಂತ ನೀವ ಬೇಶ್ ಬಿಡ್ರಿ ಅಕ್ಕಾರ, ಅಂವಗ ಕಣ್ಣ ಕಾಣತಿರಲಿಲ್ಲ" ಎನ್ನುತ್ತಾರೆ. ನಾನು ಬಾಣದ ಬಾಲಕ್ಕೆ ಒಂದು ಚುಕ್ಕೆ ಹೊಡೆದು, ಪ್ಲೇಟು ಇಟ್ಟು, ಎಂಬತ್ತೆಂಟರವರೆಗೆ ಪಂಪು ಒತ್ತುತ್ತೇನೆ. ಮಗಳ ಶಾಲೆ ಇನ್ನೂ ಐದು ವರ್ಷ ಇದೆ.