ಕೋಳಿಗೂಡಿನ ಕಾರು

ನಮ್ಮ ಅವ್ವನಿಗೆ ಬಸ್ಸು ಆಗಿಬರುತ್ತಿರಲಿಲ್ಲ. ಸಿಂಧನೂರಿನ ನಮ್ಮ ಮನೆಯಿಂದ ಲಿಂಗಸುಗೂರಿನ ತವರಿಗೆ ಹೋಗಬೇಕೆಂದರೆ ಹಿಂದಿನ ದಿನದಿಂದಲೇ ಉಪವಾಸ ಬೀಳುತ್ತಿದ್ದಳು. ಅಷ್ಟಾದರೂ ಹೊಟ್ಟೆಯಲ್ಲಿ ಏನು ಉಳಿದಿರುತ್ತಿತ್ತೋ ಆ ಶಿವನೇ ಬಲ್ಲ. ಡೀಸೆಲ್ ಹೊಗೆ ಮೂಗಿಗೆ ಬಡಿಯುತ್ತಲೇ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, ಅಂಗೈಯಲ್ಲೊಂದು ಲಿಂಬೆಹಣ್ಣು ಹಿಡಿದು ಮುದುಡಿ ಕೂರುತ್ತಿದ್ದಳು. ಮಸ್ಕಿ ಬರುವುದರೊಳಗೆ ಲಿಂಬೆಹಣ್ಣು ಸೋತು, ಅವ್ವನ ತಲೆ ಕಿಟಕಿಯ ಹೊರಗೆ ಹೋಗಿರುತ್ತಿತ್ತು. ಹಿಂದಿನ ಕಿಟಕಿಯವರು ಬೈಯುವರು, ಪಕ್ಕದವರು ಟವೆಲ್ಲಿನಲ್ಲಿ ಮೂಗು ಮುಚ್ಚಿಕೊಂಡು ದೂರ ಸರಿಯುವರು. ಬಸ್ಸಿನ ಮೈಮೇಲೆ ಕಿಟಕಿಯಿಂದ ಗಾಲಿಯ ತನಕ ಇಳಿದ ಗೆರೆಯನ್ನು ಲಿಂಗಸುಗೂರಿನಲ್ಲಿ ಇಳಿದಾಗ ನಾನು ನೋಡದಂತೆ ನೋಡುತ್ತಿದ್ದೆ.

ತವರಿನ ಕಟ್ಟೆಯ ಮೇಲೆ ಸೋದರಮಾವ ಕಾದಿರುತ್ತಿದ್ದ. ಅವ್ವನ ತಮ್ಮ. ಇಸ್ತ್ರಿ ಮಾಡಿದ ಬಿಳಿ ಧೋತರ, ಕಿವಿಯಲ್ಲಿ ಅತ್ತರಿನ ಹತ್ತಿ, ಬಾಯಿಗೆ ಮಾತ್ರ ಲಗಾಮಿಲ್ಲ.

"ಬಂದ್ಲು ನೋಡ್ರೆಪ್ಪಾ ನಮ್ಮಕ್ಕ! ಇವತ್ತ ಯಾವ ಬಸ್ಸಿಗೆ ಸುಣ್ಣಾ ಹೊಡದು ಬಂದೀಯವ್ವಾ?"

ಕಟ್ಟೆಯ ಮಂದಿಯೆಲ್ಲ ನಗುವರು. ಬಾಗಿಲಲ್ಲಿ ಬಾಯಿ ಮುಕ್ಕಳಿಸುತ್ತಿದ್ದ ಅವ್ವನೂ ನಗುವಳು, ನಗದಿದ್ದರೆ ಅವನು ಇನ್ನೊಂದು ಸಲ ಅನ್ನುತ್ತಾನೆಂದು.

ಒಮ್ಮೆ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಮಸ್ಕಿಯಲ್ಲಿ ಬಸ್ಸು ನಿಲ್ಲಿಸಿ, ಹೋಟೆಲಿನಿಂದ ಬಕೀಟು ನೀರು ತರಿಸಿ, "ತೊಳದು ಹತ್ತವ್ವಾ, ನಮ್ಮ ಗಾಡಿ ಏನ ನಿನ್ನ ಬಚ್ಚಲಲ್ಲ" ಅಂದ. ನಾನು ಬಕೀಟಿಗೆ ಕೈ ಹಾಕಿದರೆ ಅವ್ವ ಬಿಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಸ್ಸಿನ ತುಂಬ ಜನ ನೋಡುತ್ತಿರುವಾಗ, ಕೈಯಿಂದ ಉಜ್ಜಿ ಉಜ್ಜಿ ತೊಳೆದಳು. ಮನೆಗೆ ಬಂದ ಮೇಲೆ ಹೇಳಿದ್ದು ಒಂದೇ ಮಾತು: "ನನ್ನ ತವರು ಮುಗೀತಪ್ಪಾ."

ಹೇಳಿದಂತೆ ನಡೆದುಕೊಂಡಳು ಕೂಡ. ತವರಿನಲ್ಲಿ ಮದುವೆಯಾದರೆ ನಾವು ಹೋಗುವುದು, ಅವಳು ಬಾಗಿಲಲ್ಲಿ ನಿಂತು ನಮ್ಮ ಕೈಯಲ್ಲಿ ಬುತ್ತಿಗಂಟು ಕೊಡುವುದು. ಅವ್ವನನ್ನು ಡೀಸೆಲ್ ವಾಸನೆಯಿಲ್ಲದ ನನ್ನ ಸ್ವಂತ ಗಾಡಿಯಲ್ಲಿ ಕೂರಿಸಿ, ಆ ಕಟ್ಟೆಯ ಮುಂದೆ ಒಣ ಸೀರೆಯಲ್ಲಿ ಇಳಿಸಬೇಕು ಎಂಬ ಹಟ ನನಗೆ ಹತ್ತಿದ್ದು ಆಗಲೇ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮದು ಗೊಬ್ಬರದ ಅಂಗಡಿ. ಹೊಸ ಕಾರು ನಮ್ಮ ಕೈಗೆ ಎಟುಕುವ ಮಾತಲ್ಲ. ಗೊಬ್ಬರದ ಚೀಲ ಇಳಿಸಲು ಮುಕ್ಕುಂದಕ್ಕೆ ಹೋದಾಗ, ಒಬ್ಬ ಮುದುಕಿಯ ದನದ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗಿನಿಂದ ಒಂದು ಬಂಪರ್ ಹೊಳೆಯಿತು. ಹುಲ್ಲು ಸರಿಸಿದರೆ ಅಮೆರಿಕದ ಕಾರು! ಎರಡೇ ಬಾಗಿಲು, ಎಂಟು ಸಿಲಿಂಡರಿನ ಇಂಜಿನ್, ಆಳು ಕಾಲು ಚಾಚಿ ಮಲಗುವಷ್ಟು ಉದ್ದದ ಬಾನೆಟ್. ಕಾಲುವೆ ಕೆಲಸಕ್ಕೆ ಬಂದಿದ್ದ ಗುತ್ತಿಗೆದಾರನೊಬ್ಬ ಊರು ಬಿಡುವಾಗ ಮುದುಕಿಯ ಗಂಡನಿಗೆ ಬಿಟ್ಟುಹೋದದ್ದಂತೆ. ಟಾಕಿಯಲ್ಲಿ ಪೆಟ್ರೋಲು ಇರುವ ತನಕ ಗಂಡ ಹತ್ತಿದ. ಆಮೇಲೆ ಕೋಳಿ ಹತ್ತಿದವು.

ಬಾಗಿಲು ಎಳೆದೆ. ಆ ಗಳಿಗೆಯನ್ನು ಹೇಗೆ ಹೇಳಲಿ? ವಾಸನೆಗೆ ತೂಕ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅದು ಎದೆಗೆ ಕೈ ಹಚ್ಚಿ ನನ್ನನ್ನು ಹಿಂದಕ್ಕೆ ನೂಕಿತು. ಸೀಟಿನ ಮೇಲೆ ಹಿಕ್ಕೆ ಗಚ್ಚು ಹಾಕಿದಂತೆ ಕೂತಿತ್ತು, ಕೆಳಗೆ ಬೂದಿ ಬಣ್ಣ, ಮೇಲೆ ಹಸಿ. ಸ್ಟೇರಿಂಗಿಗೆ ಪುಕ್ಕ ಅಂಟಿದ್ದವು. ಹಿಂದಿನ ಸೀಟಿನಲ್ಲಿ ಒಂದು ಕೆಂಪು ಹೇಟೆ ಮೈ ಉಬ್ಬಿಸಿ ಕೂತು, ಈ ಗಾಡಿಯ ಮಾಲಕಿ ತಾನೇ ಎಂಬಂತೆ ನನ್ನನ್ನು ನೋಡಿತು. ಅಷ್ಟರಲ್ಲಿ ಮುಂಗೈ ತುರಿಸಿತು. ನೋಡಿದರೆ ಕೋಳಿಹೇನು, ಎಳ್ಳು ಚೆಲ್ಲಿದಂತೆ, ಅಂಗಿಯ ತೋಳಿನೊಳಗೆ ಸಾಲುಗಟ್ಟಿ ಹೋಗುತ್ತಿದ್ದವು.

ಮುದುಕಿ ಎಲೆ ಅಡಿಕೆ ಕುಟ್ಟುತ್ತ, ನನ್ನ ಹಣೆಯ ವಿಭೂತಿ ನೋಡಿ ನಕ್ಕಳು. "ಕೋಳಿ ಅಂದ್ರ ಮೂಗ ಮುಚ್ಚೋ ಮಂದಿ ನೀವು. ಕೋಳಿ ಮನಿ ನಿನಗ್ಯಾಕ ಬೇಕಾತೋ ತಮ್ಮಾ?"

"ಗಾಡಿ ಕೊಡಬೇ ಯಮ್ಮಾ. ಏನ ಕೊಡಬೇಕ ಹೇಳು."

"ನನಗ ರೊಕ್ಕಾ ಬ್ಯಾಡ. ಕೋಳಿಗೆ ಮನಿ ಬೇಕಲ್ಲ? ತಗಡ ಹೊಚ್ಚಿ ಒಂದ ಗೂಡ ಕಟ್ಟಿಸಿಕೊಡು, ಒಯ್ಯಿ. ಆದ್ರ ಕೆಂಪಿ ಕಾವಿಗೆ ಕುಂತೈತಿ. ಅದು ಮರಿ ಮಾಡೋತನಕ ಗಾಡಿ ಅಳಗ್ಯಾಡಿಸಬ್ಯಾಡ."

ಹೀಗೆ ನಾನು, ಮೊಟ್ಟೆ ಕಂಡರೆ ಮಗ್ಗುಲಿಗೆ ಸರಿಯುವ ಮನೆಯ ಮಗ, ಒಂದು ಹೇಟೆಯ ಬಾಣಂತನ ಕಾಯುತ್ತ ಮುಕ್ಕುಂದಕ್ಕೆ ಓಡಾಡಿದೆ. ತಗಡಿನ ಗೂಡು ಎದ್ದಿತು, ಮರಿಗಳು ಹೊರಬಿದ್ದವು. ಒಡೆಯದೆ ಉಳಿದ ಒಂದು ತತ್ತಿಯನ್ನು ಸೀಟಿನ ಸಂದಿಯಿಂದ ತೆಗೆಯಹೋದೆ. ಅದು ಕೈಯಲ್ಲೇ ಢಪ್ಪೆಂದು ಸಿಡಿಯಿತು. ಅದರೊಳಗೆ ಏನಿತ್ತೆಂದು ಬರೆಯುವುದಿಲ್ಲ. ಎರಡು ದಿನ ಎಡಗೈಯಲ್ಲಿ ಉಂಡೆ.

ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆದು ಮಸ್ಕಿಗೆ ಒಯ್ದೆ. ಅಲ್ಲಿ ಜೀಪು ಲಾರಿ ರಿಪೇರಿ ಮಾಡುವ ಮಿಸ್ತ್ರಿಯೊಬ್ಬನಿದ್ದ. ದೊಡ್ಡ ಮಾತಿನ ಮನುಷ್ಯ. ಬಾಗಿಲು ತೆರೆದು ತಲೆ ಹಾಕಿದವನು ಹಾಗೇ ಹಿಂದಕ್ಕೆ ಬಂದ.

"ಯಾ ಅಲ್ಲಾ! ಸಾಹುಕಾರ್ರ, ನಾ ಸತ್ತ ಎಮ್ಮಿ ಹೊತ್ತ ಲಾರಿ ರಿಪೇರಿ ಮಾಡೀನಿ. ಇಂಥಾ ನಾತ ನೋಡಿಲ್ರೀ."

"ತೊಳದ್ರ ಹೋಗ್ತೈತಿ ಮಿಸ್ತ್ರಿ."

"ಗಾಡಿ ಹೋಗ್ತೈತಿ, ವಾಸನಿ ಉಳೀತೈತಿ." ಬಾನೆಟ್ ಎತ್ತಿ ಇಂಜಿನ್ ನೋಡಿದ. "ಇದು ಪೆಟ್ರೋಲ್ ಕುಡಿಯೋ ರಾಕ್ಷಸ ನೋಡ್ರಿ. ಕಿತ್ತು ಒಗೀತೀನಿ. ಜೀಪಿನ ಡೀಸೆಲ್ ಇಂಜಿನ್ ಕೂಡಸ್ತೀನಿ. ಏಕದಂ ಭಾರೀ ಆಗತೈತಿ."

ಆ ಕಾಲದಲ್ಲಿ ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಿದ್ದರು. ನಾನು ಒಪ್ಪಲಿಲ್ಲ.

"ಡೀಸೆಲ್ ಬ್ಯಾಡ. ನಮ್ಮವ್ವಗ ಆಗಂಗಿಲ್ಲ."

"ಅವ್ವಗ ಆಗಂಗಿಲ್ಲಂತ ಎಂಟ ಬಾಯಿಗೆ ಪೆಟ್ರೋಲ್ ಕುಡಸ್ತೀರೇನ್ರಿ?"

"ಕುಡಸ್ತೀನಿ."

ಗೊಣಗುತ್ತಲೇ ಕೆಲಸಕ್ಕೆ ಇಳಿದ. ಗಾಳಿ ಸೋಸುವ ಡಬ್ಬಿಯಲ್ಲಿ ಹಪ್ಪಳದಂತೆ ಒಣಗಿದ ಇಲಿ ಸಿಕ್ಕಿತು. ಟಾಕಿಯ ತಳದಲ್ಲಿ ಬೆಲ್ಲದ ಪಾಕದಂಥದ್ದೇನೋ ಕೂತಿತ್ತು. ಅಕ್ಕಿ ಗಿರಣಿಯ ಹಳೆಯ ಬೆಲ್ಟು, ಪಂಪ್‌ಸೆಟ್ಟಿನ ರಬ್ಬರ್ ಪೈಪು ಎಲ್ಲ ಅದರ ಹೊಟ್ಟೆ ಸೇರಿದವು. ಕೊನೆಗೆ ಚಾವಿ ತಿರುಗಿಸಿದ ದಿನ ಸೈಲೆನ್ಸರಿನಿಂದ ಮೊದಲು ಬಂದದ್ದು ಹೊಗೆಯಲ್ಲ, ಭತ್ತದ ಹೊಟ್ಟು, ಇಲಿಗೂಡು, ಕರಿ, ಎಲ್ಲ ಒಟ್ಟಿಗೆ. ಹಗ್ಗದ ಮೇಲೆ ಒಣಹಾಕಿದ್ದ ಮಿಸ್ತ್ರಿಯ ಬಿಳಿ ಅಂಗಿ ಮತ್ತೆ ಬಿಳಿಯಾಗಲಿಲ್ಲ. ಆದರೆ ಸದ್ದು! ಮಸ್ಕಿಯ ಸಂತೆಗೆ ಬಂದಿದ್ದವರು ಚೌಕಾಸಿ ಬಿಟ್ಟು ತಿರುಗಿ ನೋಡಿದರು. ನೋಡಿದವರು ಹತ್ತಿರ ಬಂದರು, ಬಂದವರು ಮೂಗು ಹಿಡಿದುಕೊಂಡು ಹೋದರು.

ಸಿಂಧನೂರಿಗೆ ತಂದಾಗ ಅವ್ವ ಓಣಿಯ ಬಾಯಲ್ಲೇ ಕೈ ಅಡ್ಡ ಹಿಡಿದಳು.

"ಅದ್ರಾಗ ಏನಿತ್ತಪ್ಪಾ ಮೊದಲ?"

ಸುಳ್ಳು ಹೇಳುವುದು ಸಾಧ್ಯವಿರಲಿಲ್ಲ. ಗಾಡಿಯೇ ಹೇಳುತ್ತಿತ್ತು.

"ಕೋಳಿ ಇದ್ವಬೇ."

"ಲಿಂಗ ಕಟ್ಟಿದ ಮನಿ ಇದು. ತಿಪ್ಪಿ ಹತ್ರ ನಿಲ್ಲಸು."

ತಿಪ್ಪೆಯ ಹತ್ತಿರ ನಿಲ್ಲಿಸಿ, ಖುರ್ಪಿ ಹಿಡಿದು ಕೆರೆಯತೊಡಗಿದೆ. ಅವ್ವ ದೂರದ ಕಟ್ಟೆಯ ಮೇಲೆ ಕೂತು, ಸೆರಗು ಮೂಗಿಗೆ ಹಿಡಿದು, ಅಲ್ಲಿಂದಲೇ ಹುಕುಂ ಮಾಡುತ್ತಿದ್ದಳು. "ಸೀಗಿಪುಡಿ ಹಾಕು." ಹಾಕಿದೆ. "ಬೇವಿನ ತಪ್ಪಲ ಕುದಿಸಿದ ನೀರ ಹೊಯ್ಯಿ." ಹೊಯ್ದೆ. "ಸಗಣಿ ನೀರ ಚಿಮಕಿಸು, ಶುದ್ಧ ಆಗತೈತಿ." ಅದನ್ನೂ ಮಾಡಿದೆ. ಈಗ ಕೋಳಿಯ ನಾತಕ್ಕೆ ದನದ ಕೊಟ್ಟಿಗೆಯೂ ಕೂಡಿತು. ಲೋಬಾನದ ಹೊಗೆ ಹಾಕಿದೆ. ಸತ್ತವರ ಮನೆಯಲ್ಲಿ ಕೋಳಿ ಸಾಕಿದಂತಾಯಿತು. ನಾನು ಸ್ನಾನ ಮಾಡದೆ ಮನೆಯೊಳಗೆ ಕಾಲಿಡುವಂತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಗೊಬ್ಬರದ ಚೀಲ ಮೂಸಿ, ನನ್ನ ಕಡೆ ನೋಡಿ, ಚೀಲ ಕೆಳಗಿಡುತ್ತಿದ್ದರು.

ಸೀಟು ಹೊಲಿಯುವವನನ್ನು ಕರೆಸಿದೆ. ಮುಂದಿನ ಉದ್ದ ಸೀಟಿಗೆ ಮನೆಯ ಹಳೆಯ ಗಾದಿಯ ಹತ್ತಿ ತುಂಬಿದ. ಹಿಂದಿನದಕ್ಕೆ ಹತ್ತಿ ಸಾಲಲಿಲ್ಲ. ನಮ್ಮ ಕಡೆ ಏನು ಸಾಲದಿದ್ದರೂ ಭತ್ತದ ಹುಲ್ಲು ಇದ್ದೇ ಇರುತ್ತದಲ್ಲ! "ಹುಲ್ಲ ತುಂಬತೀನಿ, ಮೆತ್ತಗ ಇರತೈತಿ," ಅಂದ. ತುಂಬಿ, ಮೇಲೆ ರೆಕ್ಸಿನ್ ಎಳೆದು ಮೊಳೆ ಹೊಡೆದ. ನಾನು ವಾಸನೆಯ ಹಟಕ್ಕೆ ಬಿದ್ದು ಮತ್ತೆ ಮತ್ತೆ ನೀರು ಹೊಯ್ದೆ. ನೀರೆಲ್ಲ ಹುಲ್ಲಿಗೆ ಇಳಿಯಿತು. ಕೆಲ ದಿನಗಳ ಮೇಲೆ ಹೊಲಿಗೆಯ ಸಂದಿಯಿಂದ ಹಸುರು ಇಣುಕಿತು. ಹುಲ್ಲಿನಲ್ಲಿ ಉಳಿದಿದ್ದ ಕಾಳು ಮೊಳೆತು, ನನ್ನ ಹಿಂದಿನ ಸೀಟು ಸಸಿಮಡಿಯಾಗಿತ್ತು. ಕೀಳಹೋದರೆ ಒಳಗೆಲ್ಲ ಲೋಳೆ, ಕೊಳೆತ ಹುಲ್ಲಿನ ಬಿಸಿ. ಕೈ ತೆಗೆದು ಮೊದಲಿನಂತೆ ಮುಚ್ಚಿಬಿಟ್ಟೆ.

ಸರಿಯಾಗಿ ಆಗಲೇ ಲಿಂಗಸುಗೂರಿನಿಂದ ಹೇಳಿಕೆ ಬಂತು. ಸೋದರಮಾವನ ಮಗಳು ತುಂಬಿದ ಬಸುರಿ, ಕುಬಸ ಮಾಡುತ್ತಾರೆ, ಸೀಮಂತದ ಶಾಸ್ತ್ರ. ಸೋದರತ್ತೆಯ ಕೈಯಿಂದ ಸೀರೆ ಹೋಗಬೇಕು. ಅವ್ವ ಹಸಿರು ಇಳಕಲ್ ಸೀರೆ ತಂದು ಟ್ರಂಕಿನ ಮೇಲೆ ಇಟ್ಟಳು. ದಿನಾ ತೆಗೆದು ನೋಡುವಳು, ದಿನಾ ಮಡಚಿಡುವಳು. ಕೊನೆಗೆ, "ನೀನಽ ಒಯ್ದು ಕೊಡು," ಎಂದು ನನ್ನ ಕಡೆ ನೂಕಿದಳು.

"ನೀ ಬರದಿದ್ರ ನಾನೂ ಹೋಗಂಗಿಲ್ಲ. ಪೆಟ್ರೋಲ್ ಗಾಡಿ ಅದು. ಡೀಸೆಲ್ ವಾಸನಿ ಒಂದ ಹನಿ ಇಲ್ಲ."

"ಅದೊಂದ ಇಲ್ಲ ನೋಡು ಅದ್ರಾಗ!" ಅಂದಳು ಅವ್ವ. ಸೀರೆಯ ಅಂಚು ನೀವಿ ಮಡಚಿದಳು. ಆಮೇಲೆ, "ಬಸ್ ತೊಳದ ಕೈ ಇದು. ಕೋಳಿ ಗಾಡಿ ಏನ ಮಹಾ. ನಡಿ," ಅಂದಳು.

ಹೆಣ್ಣುಮಕ್ಕಳು ಹಿಂದೆ ಕೂರುವುದು ನಮ್ಮಲ್ಲಿಯ ರೂಢಿ. ಜೀಪಾಗಲಿ, ಬಾಡಿಗೆ ಕಾರಾಗಲಿ, ಮುಂದಿನ ಸೀಟು ಗಂಡಸರದು. ಅವ್ವ ಹಣೆತುಂಬ ವಿಭೂತಿ ಧರಿಸಿ, ಲಿಂಬೆಹಣ್ಣು ಹಿಡಿದು ಬಂದು, ಮುಂದಿನ ಸೀಟು ಮಡಚಿ ಹಿಂದೆ ಬಗ್ಗಿದವಳು, ಮೊಳಕೆ ನೋಡಿ, ನಾತಕ್ಕೆ ಮುಖ ಕಿವಿಚಿ ಹಿಂದಕ್ಕೆ ಬಂದಳು. ಬೇರೆ ದಾರಿ ಇರಲಿಲ್ಲ. ಜೀವನದಲ್ಲಿ ಮೊದಲ ಸಲ ಮುಂದೆ ಕೂತಳು, ಯಾರಾದರೂ ನೋಡಿಯಾರೆಂದು ಸೆರಗು ಬಿಗಿದುಕೊಂಡು.

ಗದ್ದೆಗಳು ಹಿಂದೆ ಬಿದ್ದವು. ನಾನು ರಸ್ತೆಗಿಂತ ಹೆಚ್ಚು ಅವ್ವನ ಮುಖ ನೋಡುತ್ತಿದ್ದೆ. ಎಂದಿನಂತೆ ಕಣ್ಣು ಮುಚ್ಚಲಿಲ್ಲ. ಉದ್ದ ಬಾನೆಟ್ಟಿನಾಚೆ ದಾರಿಯನ್ನೇ ದಿಟ್ಟಿಸುತ್ತ, "ಎಮ್ಮಿ ಬಂತ ನೋಡು," "ಲಾರಿ ಬಂತ, ಮಗ್ಗಲಕ ಹಿಡಿ" ಎನ್ನುತ್ತಿದ್ದಳು. ಮಸ್ಕಿ ಬಂತು. ಅವಳು ಬಸ್ಸು ತೊಳೆದ ಜಾಗ ಬಂತು, ಹೋಯಿತು. ಅವ್ವ ತಲೆ ತಿರುಗಿಸಿ ಅದನ್ನು ನೋಡಿದಳು. ಏನೂ ಆಗಲಿಲ್ಲ.

ಖುಷಿಗೆ ನಾನು ಗಾಡಿಯ ವೇಗ ಹೆಚ್ಚಿಸಿ, ಗಾಳಿ ಬರಲೆಂದು ಮುಂದಿದ್ದ ಗಾಳಿಕಿಂಡಿಯ ಹಿಡಿಯೊಂದನ್ನು ಎಳೆದೆ. ಅಷ್ಟು ದಿನ ಜಾಮಾಗಿದ್ದದ್ದು ಆಗಲೇ ಬಿಡಿಸಿಕೊಳ್ಳಬೇಕೆ? ಕಾಲ ಹತ್ತಿರದ ಕಿಂಡಿಯಿಂದ ವರ್ಷಗಟ್ಟಲೆ ಕೂತಿದ್ದ ಹಿಕ್ಕೆಯ ಪುಡಿ, ಪುಕ್ಕ, ಇಲಿಯ ಕೂದಲು ಎಲ್ಲ ಭುಸ್ಸೆಂದು ಎದ್ದು ಬಂತು. ನನ್ನ ಬಾಯಿ ತೆರೆದಿತ್ತು. ಹಲ್ಲಿನ ಮೇಲೆ ಅದು ಕೂತದ್ದು, ಉಗುಳಿನಲ್ಲಿ ಕರಗಿದ್ದು ಗೊತ್ತಾಯಿತು. ಬ್ರೇಕ್ ಒತ್ತಿ, ಬಾಗಿಲು ತೆರೆದು, ಜೋಳದ ಹೊಲದ ಬದುವಿಗೆ ಬಗ್ಗಿ ಬೆಳಗಿನ ಉಪ್ಪಿಟ್ಟನ್ನೆಲ್ಲ ಕಾರಿಕೊಂಡೆ. ಬೆನ್ನ ಮೇಲೆ ಅವ್ವನ ಕೈ ಬಿತ್ತು. ಇನ್ನೊಂದು ಕೈ ಲಿಂಬೆಹಣ್ಣನ್ನು ನನ್ನ ಮೂಗಿಗೆ ಹಿಡಿದಿತ್ತು.

"ಮೂಸು. ಜೋರಾಗಿ ಉಸುರ ಎಳಕೋ. ಕಣ್ಣ ಮುಚ್ಚಬ್ಯಾಡ. ದಾರಿ ನೋಡಬೇಕು. ದಾರಿ ಕಂಡ್ರ ಬರಂಗಿಲ್ಲ ಅಂತ ನನಗ ಇವತ್ತಽ ಗೊತ್ತಾತು."

ಅವಳ ತಲೆಯ ಮೇಲೆ ಒಂದು ಕೆಂಪು ಪುಕ್ಕ ನೆಟ್ಟಗೆ ನಿಂತಿತ್ತು. ತೆಗೆದೆ. ಸೀರೆ ಕೊಡವಿಕೊಂಡಳು. ಮುಂದಕ್ಕೆ ಹೊರಟೆವು.

ಕಟ್ಟೆಯ ಮುಂದೆ ಎಂಟು ಸಿಲಿಂಡರಿನ ಗುಡುಗು ನಿಂತಾಗ ಸೋದರಮಾವ ಎದ್ದು ನಿಂತ. ಅವ್ವ ಇಳಿದಳು. ಒಣ ಸೀರೆ, ಅಳಿಸದ ವಿಭೂತಿ. ಮಾವ ತಯಾರು ಮಾಡಿಟ್ಟುಕೊಂಡಿದ್ದ ಮಾತು ಬಾಯಲ್ಲೇ ಉಳಿಯಿತು. ಗಾಡಿಯ ಸುತ್ತ ತಿರುಗಿದ. ಮೂಗು ಅರಳಿತು.

"ಏನಕ್ಕಾ ಇದು, ಇಂಥಾ ನಾತ?"

ತಿಂಗಳುಗಟ್ಟಲೆ ಆ ಗಾಡಿಯನ್ನು ತಿಪ್ಪೆಯ ಹತ್ತಿರ ನಿಲ್ಲಿಸಿದ್ದ ಅವ್ವ, ಬಾಗಿಲಿನ ನೀರಿನ ತಂಬಿಗೆಗೆ ಕೈ ಚಾಚುತ್ತ ಹೇಳಿದಳು, "ಅಮೇರಿಕಾದ ಗಾಡಿ ಹಂಗಽ ನಾರತಾವ. ನಿನಗೇನ ಗೊತ್ತೈತಿ, ನೀ ಯಾವಾಗ ಹತ್ತೀದಿ?"

ಕುಬಸ ಮುಗಿಯಿತು. ಸಂಜೆ ಹೊರಟಾಗ ಮಾವ, ಮಸ್ಕಿಯಲ್ಲಿ ತನಗೂ ಕೆಲಸವಿದೆ, ಬರುತ್ತೇನೆ ಅಂದ. ಕೆಲಸವೇನೂ ಇರಲಿಲ್ಲ, ಅಮೆರಿಕದ ಗಾಡಿಯಲ್ಲಿ ಕೂತು ಊರ ಮುಂದೆ ಹಾಯಬೇಕಿತ್ತು ಅಷ್ಟೇ. ಧೋತರದ ಚುಂಗು ಹಿಡಿದುಕೊಂಡು ಸೀದಾ ಮುಂದಿನ ಬಾಗಿಲಿಗೆ ಬಂದ. ಅವ್ವ ಮೊದಲೇ ಅಲ್ಲಿ ನಿಂತಿದ್ದಳು.

"ಹಿಂದ ಕೂಡಪಾ. ಮುಂದ ನನ್ನ ಜಾಗ."

"ಹೆಣ್ಮಕ್ಕಳು ಮುಂದ ಕೂಡತಾರೇನಬೇ?"

"ನಾ ಕೂಡತೀನಿ."

ಎರಡೇ ಬಾಗಿಲಿನ ಗಾಡಿ. ಅವ್ವ ಸೀಟು ಮಡಚಿ ಹಿಡಿದಳು. ಮಾವ ನುಸುಳಿ ಹಿಂದೆ ಹೋಗಿ, ಬಿಳಿ ಧೋತರದ ಸಮೇತ ಆ ಸಸಿಮಡಿಯ ಮೇಲೆ ಕೂತ. ಪಚಕ್ಕೆಂದಿತು. ಅವ್ವ ಮುಂದೆ ಹತ್ತಿ ಬಾಗಿಲು ಎಳೆದುಕೊಂಡಳು. ಊರು ದಾಟುವ ತನಕ ಎರಡೂ ಕಡೆ ಕೈ ಎತ್ತಿ ಶರಣು ಶರಣಾರ್ಥಿ ಅನ್ನುತ್ತಿದ್ದ. ಊರು ದಾಟಿದ ಮೇಲೆ ಮಾತು ಕಡಿಮೆಯಾಯಿತು. ಆಮೇಲೆ ಅತ್ತರಿನ ಹತ್ತಿ ಕಿವಿಯಿಂದ ಮೂಗಿಗೆ ಹೋಯಿತು.

"ಗಾಡಿ... ಸ್ವಲ್ಪ ನಿಲ್ಲಸೋ ಅಳಿಯಾ," ಎಂದು ತೆಳ್ಳಗಿನ ದನಿ ಬಂತು.

ಅವ್ವ ಹಿಂದೆ ತಿರುಗಿ ನೋಡಲಿಲ್ಲ. ದಾರಿಯ ಮೇಲಿನ ಕಣ್ಣು ತೆಗೆಯದೆ, ಲಿಂಬೆಹಣ್ಣು ಹಿಡಿದ ಕೈಯನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಿದಳು.