ವಾಷಿಂಗ್ ಮೆಷಿನ್ನಿನ ಹಿಂದಿನ ಜಾಗ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಚಾದರದಕ್ಕ ಎಂದೇ. ಒಣಗಿಸುವ ಯಂತ್ರದಿಂದ ಬಿಸಿಬಿಸಿಯಾಗಿ ಹೊರಬೀಳುವ ಚಾದರಗಳನ್ನು ಮಡಚುತ್ತಾ ಇಪ್ಪತ್ತೆರಡು ವರ್ಷ ಕಳೆದಿದ್ದಾಳೆ. ಒಂದು ಚಾದರ ಮಡಚಲು ಇಬ್ಬರು ಬೇಕು. ಆ ತುದಿ ಹಿಡಿಯುವ ಜೊತೆಗಾತಿಗೆ ಬಾಯಿ ಜೋರು, ಈ ತುದಿ ಹಿಡಿಯುವ ಚಾದರದಕ್ಕನಿಗೆ ಬಾಯೇ ಇಲ್ಲ. ಜೋಡಿ ಚೆನ್ನಾಗಿ ಹೊಂದಿಕೊಂಡಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ, ರಕ್ತದ ಕಲೆಗೆ ಬಿಸಿನೀರು ತಾಗಿಸಬಾರದು, ತಣ್ಣೀರಲ್ಲಿ ನೆನೆಹಾಕಬೇಕು ಎಂದು ಹೇಳಿಕೊಡುವವಳು ಅವಳೇ. ಅದನ್ನವಳು ಕಲಿತದ್ದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಎಲ್ಲಿ ಕಲಿತೆ ಅಂತ ಯಾರೂ ಕೇಳಿರಲಿಲ್ಲ.

ಅವಳ ಗಂಡ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಅವನ ತಾಳ್ಮೆಗೆ ಊರಲ್ಲೆಲ್ಲ ಹೆಸರು. ಬ್ರೇಕ್ ಒತ್ತುವ ಬದಲು ಆಕ್ಸಿಲರೇಟರ್ ಒತ್ತಿ ಕಾಂಪೌಂಡಿಗೆ ಗುದ್ದಿದ ಹುಡುಗಿಗೂ "ಪರವಾಗಿಲ್ಲಮ್ಮ, ಗೋಡೆ ಎಲ್ಲೂ ಓಡಿಹೋಗಲ್ಲ" ಎಂದು ನಕ್ಕ ಮನುಷ್ಯ. ಅವನ ಕಲಿಕೆಯ ಕಾರಿನಲ್ಲಿ ಮೇಷ್ಟ್ರ ಕಾಲಡಿಗೂ ಒಂದು ಬ್ರೇಕು ಇರುತ್ತದೆ, ಅದನ್ನವನು ಒತ್ತುವುದು ಕಲಿಯುವವರಿಗೆ ಗೊತ್ತೇ ಆಗುವುದಿಲ್ಲವಂತೆ, ಅಷ್ಟು ಮೆತ್ತಗೆ.

ಬೀದಿಯಲ್ಲಿ ಎರಡು ಸ್ಕೂಟರ್ ಕಳುವಾದ ಮೇಲೆ ಅವನಿಗೆ ನಾಯಿಯ ಯೋಚನೆ ಬಂತು. ಕಾರು ಕಲಿಯುತ್ತಿದ್ದ ಹೆಂಗಸೊಬ್ಬಳು ನಾಯಿಗಳ ಆಶ್ರಯ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಅವಳ ಪಕ್ಕ ಕೂತು "ಮೂಕಪ್ರಾಣಿ ಅಂದ್ರೆ ನನಗೆ ಪ್ರಾಣ ಮೇಡಂ" ಎಂದು ಎರಡು ವಾರ ಹೇಳಿದ. ಅರ್ಜಿಗೆ ಸಹಿಯೂ ಅವನದೇ. ಹದಿನೈದು ದಿನ ನಾಯಿ ಮನೆಯಲ್ಲಿರಬೇಕು, ಆಮೇಲೆ ಮೇಡಂ ಬಂದು ನೋಡಬೇಕು, ಸರಿ ಎನಿಸಿದರೆ ಕಾಯಂ ಕಾಗದ ಕೊಡಬೇಕು. ಅದು ನಿಯಮ.

ಬಂದ ನಾಯಿ ನೆನೆದ ಗೋಣಿಚೀಲದ ಬಣ್ಣದ್ದು. ಒಂದು ಕಿವಿ ಅರ್ಧ ಇರಲಿಲ್ಲ. ಮೇಷ್ಟ್ರು ಅದಕ್ಕೆ ಟೈಗರ್ ಎಂದು ಹೆಸರಿಟ್ಟು, "ಎಲ್ಲಿ, ಬೊಗಳು" ಎಂದ. ಟೈಗರ್ ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ಅಡುಗೆಮನೆಯ ಸಿಂಕಿನಡಿ ತೂರಿತು.

"ಕಾವಲಿಗೆ ಅಂತ ತಂದರೆ ಇದನ್ನೇ ಕಾಯಬೇಕಾಯ್ತಲ್ಲ! ಏ, ಒರೆಸು ಇಲ್ಲಿ."

ಅಲ್ಲಿಗೆ ನಾಯಿ ಸಾಕುವ ಅವನ ಪಾಲಿನ ಕೆಲಸ ಮುಗಿಯಿತು. ಅವಳು ಒಂದು ಗಂಟೆ ಮುಂಚೆ ಏಳತೊಡಗಿದಳು. ಒರೆಸುವುದು, ಕೂದಲು ಗುಡಿಸುವುದು, ಮೊಟ್ಟೆ ಬೇಯಿಸುವುದು, ಬೀದಿಯಲ್ಲಿ ಜನ ಏಳುವ ಮೊದಲೇ ಒಂದು ಸುತ್ತು ನಡೆಸಿಕೊಂಡು ಬರುವುದು, ಅವನ ತಿಂಡಿ, ಅವನ ಶರಟಿನ ಇಸ್ತ್ರಿ, ಆಮೇಲೆ ಬಸ್ಸು.

"ಗಂಡನ ಸೇವೆ ಸಾಲದು ಅಂತ ಇದೊಂದು ಬೇರೆ ಕಟ್ಟಿಕೊಂಡ್ಯಾ?" ಎಂದಳು ಜೊತೆಗಾತಿ, ಚಾದರದ ತುದಿ ಕೊಡವುತ್ತಾ.

"ಇದು ತಟ್ಟೆ ನೆಕ್ಕಿ ಇಡುತ್ತೆ ಕಣೆ. ತೊಳೆಯೋಕೆ ಸಲೀಸು."

ಜೊತೆಗಾತಿ ಬಿದ್ದು ಬಿದ್ದು ನಕ್ಕಳು. ಚಾದರದಕ್ಕ ಜೋಕು ಮಾಡಿದ್ದನ್ನು ಅವಳು ಕಂಡೇ ಇರಲಿಲ್ಲ.

ಮನೆಯಲ್ಲಿ ಅವಳು ಸಿಂಕಿನ ಮುಂದೆ ನಾಯಿಗೆ ಬೆನ್ನು ಹಾಕಿ ಕೂತು ತರಕಾರಿ ಹೆಚ್ಚುತ್ತಿದ್ದಳು. ಮುಖ ನೋಡಿದರೆ ಅದು ಹೆದರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೂತವಳು ಸುಮ್ಮನೆ ಮಾತಾಡುತ್ತಿದ್ದಳು. ಯಂತ್ರ ಕೆಟ್ಟಿದ್ದು, ಬಸ್ಸು ತಪ್ಪಿದ್ದು, ಹದಿನೆಂಟರಲ್ಲಿ ಮದುವೆಯಾದದ್ದು, ಐದನೇ ತಿಂಗಳಲ್ಲಿ ಮೆಟ್ಟಿಲಿನಿಂದ 'ಜಾರಿ' ಹೊಟ್ಟೆಯಲ್ಲಿದ್ದದ್ದು ಹೋದದ್ದು. ಆರನೇ ದಿನ ನಾಯಿ ಅವಳ ಅಂಗೈಯಿಂದ ಮೊಟ್ಟೆ ತಿಂದಿತು. "ಟೈಗರ್ ಅಂತೆ, ಟೈಗರ್. ನೀನು ನನ್ನ ಕೂಸು" ಎಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿತು.

ಅದೇ ಸಂಜೆ ಮೇಷ್ಟ್ರು ಒಳಗೆ ಬಂದವನೇ ನೀರಿನ ಬಟ್ಟಲಿಗೆ ಕಾಲು ಬೀಸಿದ. ಬಟ್ಟಲು ಗೋಡೆಗೆ ಬಡಿಯಿತು. ನಾಯಿ ಮತ್ತೆ ನಿಂತಲ್ಲೇ ಒದ್ದೆ ಮಾಡಿತು.

"ಇನ್ನೊಂದು ಸಲ ನನ್ನ ಕಣ್ಣೆದುರು ಹೀಗೆ ಮಾಡ್ಲಿ, ಮಾರನೇ ದಿನ ಹೈವೇಲಿ ಬಿಟ್ಟು ಬರ್ತೀನಿ. ಕೇಂದ್ರದವರಿಗೆ ಓಡಿಹೋಯ್ತು ಅಂದ್ರಾಯ್ತು."

ಅವನು ಹೇಳಿದ್ದನ್ನು ಮಾಡುವವನು. ಅವನ ಕಣ್ಣೆದುರು ತಾನೇ ಮಾಡಬಾರದು? ಹಾಗಾದರೆ ಅವನ ಕಣ್ಣಿಗೇ ಬೀಳದಿದ್ದರೆ ಸೈ. ಚಾದರದಕ್ಕ ತನಗೆ ಗೊತ್ತಿದ್ದ ವಿದ್ಯೆಯನ್ನು ಕೂಸಿಗೆ ಕಲಿಸಲು ಕೂತಳು.

ಆ ವಿದ್ಯೆ ಕಿವಿಯದು. ಕೆಳಗೆ ಕಾರು ನಿಂತಾಗ ಹ್ಯಾಂಡ್‌ಬ್ರೇಕು ಟಿಕ್, ಟಿಕ್ ಎಂದು ನಿಧಾನವಾಗಿ ಏರಿದರೆ ಆ ದಿನ ಪರವಾಗಿಲ್ಲ. ಕರ್ರಕ್ ಎಂದು ಒಂದೇ ಎಳೆತವಾದರೆ ಹದಿನೆಂಟು ಮೆಟ್ಟಿಲು ಹತ್ತಿ ಬರುವಷ್ಟು ಹೊತ್ತಿನಲ್ಲಿ ಕುರ್ಚಿ ಖಾಲಿಯಾಗಿರಬೇಕು, ಫ್ಯಾನು ತಿರುಗುತ್ತಿರಬೇಕು, ನೀರಿನ ಲೋಟ ಬಲಗಡೆ ಇರಬೇಕು, ತಾನು ಗೋಡೆಗೂ ಕಪಾಟಿಗೂ ನಡುವೆ, ಕೈಗೆಟುಕದ ಕಡೆ ಇರಬೇಕು. ವಾಷಿಂಗ್ ಮೆಷಿನ್ನಿನ ಹಿಂದೆ ಒಂದು ನಾಯಿಯಷ್ಟೇ ಜಾಗವಿತ್ತು. ಅಲ್ಲಿ ಆಸ್ಪತ್ರೆಯ ಹರಿದ ಚಾದರವೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು. ಬ್ರೇಕಿನ ಸದ್ದು ಕೇಳಿದೊಡನೆ ಮೊಟ್ಟೆಯ ಚೂರು ತೋರಿಸಿ ಅಲ್ಲಿಗೆ ಕರೆದೊಯ್ಯುತ್ತಿದ್ದಳು.

"ಎಂಟೇ ದಿನ ಕಣೆ!" ಎಂದಳು ಜೊತೆಗಾತಿಗೆ, ಹೆಮ್ಮೆಯಿಂದ. "ಎಂಟು ದಿನಕ್ಕೆ ಕಲಿತುಬಿಡ್ತು. ನನಗೆ ಎರಡು ವರ್ಷ ಹಿಡಿದಿತ್ತು."

ಜೊತೆಗಾತಿ ಚಾದರದ ತುದಿಗೆ ತುದಿ ತಂದಾಗ ಅವಳ ಬೆರಳನ್ನೊಮ್ಮೆ ಅದುಮಿ ಬಿಟ್ಟಳು.

ಹದಿನೈದನೇ ದಿನ ಮೇಡಂ ಬಂದಳು, ಹೊಸ ಲೈಸೆನ್ಸಿನಲ್ಲಿ ಕೇಂದ್ರದ ವ್ಯಾನು ತಾನೇ ಓಡಿಸಿಕೊಂಡು. ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಅವನ ಕುರ್ಚಿಯಲ್ಲೇ ಕೂತು ಅರ್ಜಿ ಬಿಚ್ಚಿದಳು. ನಾಯಿ ಚಾದರದಕ್ಕನ ಪಾದದ ಮೇಲೆ ಗದ್ದ ಊರಿ ಮಲಗಿತ್ತು.

"ಅಯ್ಯೋ ಅಕ್ಕ, ಇದು ಅದೇ ನಾಯೀನಾ? ನಮ್ಮಲ್ಲಿ ನಾಲ್ಕು ತಿಂಗಳು ಗೋಡೆ ಬಿಟ್ಟು ಈಚೆಗೆ ಬಂದಿರಲಿಲ್ಲ. ಸರ್ ಮನೆ ಅಂದ್ರೆ ಸುಮ್ನೇನಾ! ಕಾಯಂ ಕಾಗದ ಇವತ್ತೇ ಕೊಟ್ಟುಬಿಡ್ತೀನಿ."

ಚಾದರದಕ್ಕ ಖುಷಿಯಲ್ಲಿ "ಟೀ ಕುಡೀತೀರಾ?" ಎಂದಳು. ಮೇಡಂ ಪೆನ್ನು ತೆಗೆದಳು.

ಕೆಳಗೆ ಕರ್ರಕ್ ಎಂದಿತು.

"ಸರ್ ಬಂದ್ರು ಅನ್ಸುತ್ತೆ" ಎಂದು ಮೇಡಂ ನಕ್ಕಳು. "ನಮಗೆ ಮಾತ್ರ ಹೀಗೆ ಎಳೀಬೇಡಿ, ಮಗು ಮಲಗಿಸೋ ಹಾಗೆ ಎಳೀಬೇಕು ಅಂತಿದ್ರು."

ಕೇಳುವವರು ಯಾರೂ ಇರಲಿಲ್ಲ. ಪಾದದ ಮೇಲಿದ್ದ ನಾಯಿ ಸದ್ದಿಲ್ಲದೆ ಎದ್ದು, ಗೋಡೆಗಂಟಿಕೊಂಡು ಹೋಗಿ ಮೆಷಿನ್ನಿನ ಹಿಂದೆ ಮಾಯವಾಗಿತ್ತು. ಚಾದರದಕ್ಕ ಮೇಡಮ್ಮನ ತೊಡೆಯ ಮೇಲಿದ್ದ ಅರ್ಜಿ ಎತ್ತಿ ಅವಳ ಕೈಗಿತ್ತು, "ಸ್ವಲ್ಪ ಈ ಕಡೆ ಬನ್ನಿ" ಎಂದು ಅವಳನ್ನು ಕುರ್ಚಿಯಿಂದ ಎಬ್ಬಿಸಿ, ಫ್ಯಾನು ಹಾಕಿ, ಲೋಟ ಬಲಗಡೆ ಇಟ್ಟು, ಗೋಡೆಗೂ ಕಪಾಟಿಗೂ ನಡುವೆ ಹೋಗಿ ನಿಂತುಬಿಟ್ಟಿದ್ದಳು. ಇಷ್ಟನ್ನೂ ಮಾಡಿದ್ದು ಅವಳ ಕೈಕಾಲು. ಮನಸ್ಸು ಇನ್ನೂ ಕಾಯಂ ಕಾಗದದಲ್ಲೇ ಇತ್ತು.

ಮೇಡಂ ಅವಳನ್ನು ನೋಡಿದಳು. ಮೆಷಿನ್ನಿನ ಹಿಂದಿನ ಕತ್ತಲನ್ನು ನೋಡಿದಳು. ಮತ್ತೆ ಅವಳನ್ನು ನೋಡಿದಳು.

"ಓಹೋ ಮೇಡಂ! ನಿಂತೇ ಇದೀರಲ್ಲ, ಕೂತ್ಕೊಳ್ಳಿ" ಎಂದ ಮೇಷ್ಟ್ರು, ತುಂಬು ನಗೆಯಲ್ಲಿ. "ಎಲ್ಲಿ ನಮ್ಮ ಟೈಗರ್? ಬಾರೋ ಮರಿ."

ಮೆಷಿನ್ನಿನ ಅಡಿಯಿಂದ ತೆಳ್ಳಗೆ ಉಚ್ಚೆ ಹರಿದು ಬಂದು ಅವನ ಪಾದದ ಹತ್ತಿರ ನಿಂತಿತು.

ಮೇಡಂ ಪೆನ್ನಿನ ಮುಚ್ಚಳ ಹಾಕಿದಳು. "ಸರ್, ತಪ್ಪು ತಿಳ್ಕೋಬೇಡಿ. ಇದನ್ನ ವಾಪಸ್ ಕರ್ಕೊಂಡು ಹೋಗ್ಬೇಕಾಗುತ್ತೆ. ಹೆದರಿಕೆ ಇರೋ ಮನೇಲಿ ಹೆದರಿದ ನಾಯೀನ ಬಿಡೋ ಹಾಗಿಲ್ಲ. ನಿಯಮ."

"ಅದಕ್ಕೇನಂತೆ ಮೇಡಂ, ನಿಯಮ ಅಂದ್ರೆ ನಿಯಮ" ಎಂದ ಅವನು. ನಗೆ ಚೂರೂ ಅಲುಗಲಿಲ್ಲ.

"ಮೇಡಂ, ಅದು ನನ್ನ ಹತ್ರ ಚೆನ್ನಾಗಿದೆ" ಎಂದಳು ಚಾದರದಕ್ಕ. "ನಾನು ನೋಡ್ಕೋತೀನಿ. ಅಡಗಿಕೊಳ್ಳೋದು ನಾನೇ ಕಲಿಸಿದ್ದು, ಅದರ ತಪ್ಪಲ್ಲ. ಬಿಡಿಸ್ತೀನಿ ಬೇಕಾದ್ರೆ."

ಮೇಡಂ ನೆಲ ನೋಡಿದಳು. "ನೀವು ತುಂಬ ಚೆನ್ನಾಗಿ ನೋಡ್ಕೊಂಡಿದೀರಿ ಅಕ್ಕ. ಗೊತ್ತಾಗುತ್ತೆ."

ಬೇರೆ ಯಾರು ಕರೆದರೂ ನಾಯಿ ಹೊರಗೆ ಬರಲಿಲ್ಲ. ಹಾಗಾಗಿ ಆ ಕೆಲಸವೂ ಅವಳ ಪಾಲಿಗೇ ಬಂತು. ಮಂಡಿಯೂರಿ ಕೈಚಾಚಿ "ಬಾ ಕೂಸೇ" ಎಂದಳು. ಅದು ಮೊಟ್ಟೆ ಸಿಗುತ್ತದೆಂದು ಬಂದಿತು. ಎದೆಗೊತ್ತಿಕೊಂಡು ಹದಿನೆಂಟು ಮೆಟ್ಟಿಲಿಳಿದು, ವ್ಯಾನಿನ ಪಂಜರದಲ್ಲಿ ತಾನೇ ಕೂರಿಸಿ, ಚಿಲಕ ತಾನೇ ಹಾಕಿದಳು. ನಾಯಿ ಬೊಗಳಿತು. ಹದಿನೈದು ದಿನದಲ್ಲಿ ಮೊದಲ ಸಲ.

ಮೇಡಂ ಸ್ಟಿಯರಿಂಗ್ ಹಿಡಿದು ಕೂತು, ಏನೋ ಹೇಳಲು ಬಾಯಿ ತೆರೆದಳು. ಮೇಲಿನ ಕಿಟಕಿಯಲ್ಲಿ ಮೇಷ್ಟ್ರು ನಿಂತಿದ್ದ.

"ಹುಷಾರು ಅಕ್ಕ" ಎಂದಳು ಅಷ್ಟೇ. ಮೇಷ್ಟ್ರು ಹೇಳಿಕೊಟ್ಟ ಹಾಗೆ ಹ್ಯಾಂಡ್‌ಬ್ರೇಕನ್ನು ಮೆತ್ತಗೆ ಇಳಿಸಿ ಹೊರಟಳು.

ವ್ಯಾನು ತಿರುವು ದಾಟುವವರೆಗೂ ಅವನು ಕೈಬೀಸಿದ. ಆಮೇಲೆ ಕಿಟಕಿ ಮುಚ್ಚಿದ. ಪರದೆ ಎಳೆದ. ಚಾದರದಕ್ಕ ಮೆಟ್ಟಿಲು ಹತ್ತಿದಳು.

ಮಾರನೇ ದಿನ ಅವಳು ಚಾದರದ ತುದಿಯನ್ನು ಎಡಗೈಯೊಂದರಲ್ಲೇ ಹಿಡಿದಿದ್ದಳು. ಬಲಗೈ ಭುಜದಿಂದ ಮೇಲೇಳುತ್ತಿರಲಿಲ್ಲ.

"ನಾಯಿ ಏನಾಯ್ತೇ?" ಎಂದಳು ಜೊತೆಗಾತಿ, ಆ ಕೈಯನ್ನೇ ನೋಡುತ್ತಾ.

"ಅದು ಪಾರಾಯ್ತು" ಎಂದಳು. "ಎಳಿ, ಎಳಿ. ಇನ್ನೂ ಎರಡು ಗಾಡಿ ಚಾದರ ಇದೆ."

ಜೊತೆಗಾತಿ ತನ್ನ ತುದಿ ಹಿಡಿದುಕೊಂಡು ನಡೆದು ಬಂದು, ಅವಳ ಕೈಯಿಂದ ಇನ್ನೊಂದು ತುದಿಯನ್ನೂ ತೆಗೆದುಕೊಂಡಳು. ಒಬ್ಬಳೇ ಮಡಚಿದ ಆ ಚಾದರ ಸೊಟ್ಟಗಿತ್ತು. ಅದನ್ನು ಹಾಗೇ ರಾಶಿಯ ಮೇಲಿಟ್ಟಳು.