ಕರಗದ ಪುಡಿ

ಔಷಧಿ ಕಂಪನಿಯ ಪ್ರಯೋಗಾಲಯದಲ್ಲಿ ಬೆನ್ನ ಹಿಂದೆ ಅವಳಿಗಿದ್ದ ಹೆಸರು 'ಕಲ್ಲುಹಾಕಮ್ಮ'. ಹೊಸದಾಗಿ ಕಂಡುಹಿಡಿದ ಔಷಧಿ ಮಾತ್ರೆಯಾಗುವ ಮೊದಲು ಪುಡಿಯಾಗಿ ಅವಳ ಮೇಜಿಗೆ ಬರುತ್ತಿತ್ತು. ನೀರಲ್ಲಿ ಕರಗುತ್ತದೆಯೇ, ಬಿಸಿ ತಡೆಯುತ್ತದೆಯೇ, ತೇವಕ್ಕೆ ಕೆಡುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಬಂದವುಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಮಣ್ಣು ಮುಕ್ಕುತ್ತಿದ್ದವು.

ಆ ಸಲ ಬಂದದ್ದು ಸ್ನಾಯು ಸವೆಯುವ ಕಾಯಿಲೆಯ ಔಷಧಿ. ಇಲಿಗಳಲ್ಲಿ ಒಳ್ಳೆ ಗುಣ ತೋರಿಸಿತ್ತು. ಅವಳ ತಮ್ಮನಿಗೆ ಅದೇ ಕಾಯಿಲೆ. ಬಡಗಿ ಅವನು, ಉಳಿ ಹಿಡಿದ ಕೈಗೆ ಈಗ ಅಂಗಿಯ ಗುಂಡಿ ಹಾಕುವುದೂ ಬೆಟ್ಟ ಹೊತ್ತಂತೆ. ತಡೆಯಲಾರದೆ ಅವನಿಗೆ ಹೇಳಿಬಿಟ್ಟಳು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಂತಾಯಿತು.

ಮೊದಲು ಪುಡಿ ಸಕ್ಕರೆಯಂತೆ ಕರಗಿತು. ತೇವದ ಪೆಟ್ಟಿಗೆಯಲ್ಲಿಟ್ಟು ತೆಗೆದಾಗ ಗಂಟುಕಟ್ಟಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹರಳುಗಳ ಆಕಾರವೇ ಬದಲಾಗಿ ಸೂಜಿಗಳಾಗಿದ್ದವು. ಔಷಧಿ ಅದೇ, ಆದರೆ ಈ ಹರಳು ಜಪ್ಪಯ್ಯ ಅಂದರೂ ಕರಗದು; ಹೊಟ್ಟೆಗೆ ಹೋದರೆ ಹೋದ ಹಾಗೇ ಹೊರಬೀಳುವುದು. ಹೊಸ ಪುಡಿ ತರಿಸಿ ಒಂದಿಷ್ಟನ್ನು ತೇವಕ್ಕಿಟ್ಟಳು. ಮತ್ತೆ ಅದೇ ಸೂಜಿ.

ಮೇಲಧಿಕಾರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ದಾರಿ ಇದೆ ಸರ್. ಇನ್ನೊಂದೆರಡು ವರ್ಷ ಹುಡುಕಿದ್ರೆ..."

"ಈ ಕಾಯಿಲೆಯವರು ಎಷ್ಟು ಜನ ಇದ್ದಾರಮ್ಮ? ಬಿಟ್ಟಾಕಿ," ಎಂದರು ಅವರು.

ಮನೆಗೆ ಹೋಗಿ ಎಲ್ಲ ಹೇಳಿದಾಗ ತಮ್ಮ ಸಿಟ್ಟಾಗಲಿಲ್ಲ. "ಕೆಡದೇ ಇರೋ ಪುಡಿ ಉಳಿದಿದೆಯೇನಕ್ಕ?"

"ಇದೆ."

"ಒಂದಿಷ್ಟು ತಂದುಕೊಡು."

"ಮನುಷ್ಯರಿಗೆ ಕೊಟ್ಟೇ ನೋಡಿಲ್ಲ ಕಣೋ. ಎಷ್ಟು ಕೊಟ್ರೆ ವಿಷ ಆಗುತ್ತೋ ಯಾರಿಗೂ ಗೊತ್ತಿಲ್ಲ."

"ನನ್ನನ್ನೂ ಇಲಿ ಅಂದ್ಕೋ," ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ.

ಮರುದಿನ ಸೀಸೆಯನ್ನು ಕೈಚೀಲಕ್ಕೆ ಹಾಕಿಕೊಂಡಳು. ಹೊರಬಾಗಿಲವರೆಗೆ ಹೋಗಿ, ವಾಪಸು ಬಂದು ಕಪಾಟಿನಲ್ಲಿಟ್ಟಳು. ಉಳಿದ ಪುಡಿಯನ್ನೆಲ್ಲ ಕಂಪನಿ ಸುಟ್ಟುಹಾಕಿತು.

ತಮ್ಮ ಅವಳೊಡನೆ ಮಾತು ಬಿಟ್ಟ. ಕೈ ಪೂರಾ ಸೋತ ಮೇಲೆ ಅವಳು ತುತ್ತು ತಿನ್ನಿಸಲು ಹೋದರೆ ತುಟಿ ಬಿಗಿಹಿಡಿಯುತ್ತಿದ್ದ; ಹೆಂಡತಿ ಕೊಟ್ಟರೆ ಬಾಯಿ ತೆರೆಯುತ್ತಿದ್ದ. ಮುಂದಿನ ಬೇಸಿಗೆ ದಾಟಲಿಲ್ಲ.

ಹೆಣ ಎತ್ತುವ ಮುನ್ನ ತಮ್ಮನ ಹೆಂಡತಿ ಹತ್ತಿರ ಬಂದು ಕೇಳಿದಳು: "ಅದು ವಿಷಾನೇ ಆಗಿದ್ರೂ ಇದಕ್ಕಿಂತ ಕೆಟ್ಟದ್ದು ಇನ್ನೇನಾಗ್ತಿತ್ತು ಅಕ್ಕಾ?"

ಅವಳ ಬಳಿ ಉತ್ತರವಿತ್ತು. ಸರಿಯಾದ ಉತ್ತರವೇ. ನುಂಗಿಕೊಂಡಳು.

ಈಗಲೂ ಅದೇ ಕೆಲಸ, ಅದೇ ಮೇಜು. ಪುಡಿ ತಂದವರು ಇದು ಇಂಥ ಕಾಯಿಲೆಗೆ ಎಂದು ಬಾಯಿ ತೆರೆದರೆ, "ಅದೆಲ್ಲ ಹೇಳ್ಬೇಡಿ. ಇಟ್ಟು ಹೋಗಿ," ಅನ್ನುತ್ತಾಳೆ.